ನಲವತ್ತಮೂರನೆಯ ಕನ್ನಡಿ ಹಂಚು

ಎಪ್ಪತ್ತೊಂದರ ಯುದ್ಧ ನಿಂತು ಎರಡು ದಿನವಾಗಿತ್ತು. ಬೆಳಕು ಕಾಣದಂತೆ ಬಳಿದ ಡಾಮರು ಮಾತ್ರ ಗಾಜಿನ ಕನ್ನಡಿ ಹಂಚನ್ನು ಬಿಡುವ ಹಾಗೆ ಕಾಣಲಿಲ್ಲ. ಉರ್ವದ ಜಯಪಾಲ ಮಾಸ್ಟ್ರ ಮನೆಯ ಹಂಚಿನ ಮಾಡಿನ ಮೇಲೆ ಕುಕ್ಕರಗಾಲಲ್ಲಿ ಕೂತು, ಚಿಮಿಣಿ ಎಣ್ಣೆಯಲ್ಲಿ ಅದ್ದಿದ ಗೋಣಿ ತುಂಡಿನಿಂದ ಒರೆಸಿ, ತಗಡಿನ ಚೂರಿನಿಂದ ಕೆರೆದು, ಮತ್ತೆ ಒರೆಸಿ, ಜಮಾಲು ಒಂದು ಗಂಟೆಯ ಮೇಲೆ ಬೆರಳಗಲದ ಬೆಳಕಿನ ತೂತೊಂದನ್ನು ಮಾಡಿದ್ದ. ಆ ತೂತಿನಿಂದ ಇಳಿದ ಬಿಸಿಲು ಕೆಳಗೆ ಎಲ್ಲಿ ಬೀಳುತ್ತದೆ ಎಂದು ನೋಡದೆ ಮುಂದಿನ ಕೆಲಸಕ್ಕೆ ಕೈ ಹಾಕಲು ಅವನಿಂದಾಗುವುದಿಲ್ಲ. ಅದೊಂದು ರೋಗ. ಒಂಬತ್ತು ವರ್ಷದಿಂದ, ಬಾಪ ತೀರಿಕೊಂಡು ಶಾಲೆ ಬಿಟ್ಟು ಮಾಡು ಹತ್ತಿದ ದಿನದಿಂದ, ಯಾರ ಮನೆಯ ಮೇಲೆ ಕೂತರೂ ಕೆಳಗೆ ಎಂತ ಉಂಟು ಎಂದು ಅವನಿಗೆ ಗೊತ್ತಾಗಬೇಕು. ಎರಡೂ ಅಂಗೈ ಮುಖದ ಸುತ್ತ ಹಿಡಿದು ಕಣ್ಣನ್ನು ಗಾಜಿಗೆ ತಾಗಿಸಿದ. ಹದಿನಾಲ್ಕು ದಿನ ಹಗಲಲ್ಲೂ ಕತ್ತಲೆಯಾಗಿದ್ದ ಕೋಣೆಯಲ್ಲಿ ಮೊದಲ ಬಿಸಿಲು ಒಂದು ಆರಾಮ ಕುರ್ಚಿಯ ಕೈಯ ಮೇಲೆ, ಅದರ ಮೇಲಿದ್ದ ಮಾಸ್ಟ್ರ ಕೈಯ ಮೇಲೆ, ನಾಣ್ಯದ ಹಾಗೆ ಬಿದ್ದಿತ್ತು. ಮಾಸ್ಟ್ರು ಅದನ್ನು ನೋಡುತ್ತಿದ್ದರು. ಬೆರಳು ಮಡಚಿ ಬಿಸಿಲನ್ನು ಮುಷ್ಟಿಯಲ್ಲಿ ಹಿಡಿದರು, ಬಿಟ್ಟರು, ಮತ್ತೆ ಹಿಡಿದರು. ಅರವತ್ತು ದಾಟಿದ ಮನುಷ್ಯ. ಜಮಾಲುವಿಗೆ ನಗು ಬಂತು, ಆ ಕೈಯಿಂದ ತಿಂದ ಪೆಟ್ಟು ನೆನಪಾಗಿ ನಗು ಅಲ್ಲಿಗೇ ನಿಂತಿತು.

"ಯಾರದು ಮೇಲೆ, ಜಮಾಲುದ್ದೀನನೋ?"

"ಹೌದು ಮಾಸ್ಟ್ರೇ."

"ನಿಧಾನ. ಹಂಚು ಒಡೆದೀತು."

ಒಂಬತ್ತು ವರ್ಷದಲ್ಲಿ ತನ್ನ ಕಾಲಿನಡಿ ಒಂದು ಹಂಚು ಒಡೆದಿಲ್ಲ ಎಂದು ಹೇಳಬೇಕೆನಿಸಿತು. ಹಂಚಿನ ನಡುವಿಗೆ ಕಾಲಿಟ್ಟರೆ ಒಡೆಯುತ್ತದೆ. ಒಂದರ ಮೇಲೆ ಇನ್ನೊಂದು ಏರುವ ಅಂಚಿಗೆ, ಕೆಳಗೆ ಮರದ ರೀಪು ಇರುವಲ್ಲಿಗೆ ಕಾಲಿಡಬೇಕು. ಇಷ್ಟು ತಿಳಿದವನಿಗೆ ಮಾಡು ನೆಲವೇ. ಮಾಸ್ಟ್ರಿಗೆ ಇದು ಗೊತ್ತಿಲ್ಲ, ಅವರಿಗೆ ಗೊತ್ತಿಲ್ಲದ್ದು ಇಡೀ ಊರಲ್ಲಿ ತನಗೊಬ್ಬನಿಗೆ ಗೊತ್ತುಂಟು ಎಂಬ ಯೋಚನೆ ಖುಷಿ ಕೊಡಬೇಕಿತ್ತು. ಕೊಡಲಿಲ್ಲ. ಸಿಟ್ಟು ಕೈಗಿಳಿದು ತಗಡು ಕರಕರ ಎಂದಿತು.

"ನೀವೆಲ್ಲ ಹೋಗ್ತೀರಂತೆ?" ಕೆಳಗಿನಿಂದ ಮಾಸ್ಟ್ರು ಕೇಳಿದರು.

"ಯಾರೆಲ್ಲ?"

"ಅಲ್ಲ, ಬಂದರಿನಲ್ಲಿ ಮಂಜಿ ನಿಂತಿದೆ, ನಾಳೆ ಹೊರಡ್ತದೆ, ಕೆಲವರು ಹೋಗ್ತಾರೆ ಅಂತ ಹೇಳ್ತಾರಪ್ಪ."

"ಎಲ್ಲಿಗೆ ಅಂತ ಹೇಳಿದ್ದಾರೆ, ಹೇಳಿದವರು?"

"ನನಗೆಂತ ಗೊತ್ತು? ನಿಮ್ಮ ಕಡೆಗೆ."

ತನ್ನ ಕಡೆ ಯಾವುದು ಎಂದು ತಿಳಿದುಕೊಳ್ಳಲು ಜಮಾಲುವಿಗೂ ಕುತೂಹಲವಿತ್ತು. ಮಂಜಿ, ಸರಕಿನ ಹಾಯಿಹಡಗು, ಇದ್ದದ್ದು ನಿಜ. ಹಂಚು ತುಂಬಿಕೊಂಡು ಬೊಂಬಾಯಿಗೆ, ಅಲ್ಲಿಂದ ದುಬಾಯಿಗೆ. ಬಂದರಿನ ಅಹ್ಮದ್ ಬಾವಾಕ ಅದಕ್ಕೆ ಹಂಚು ತುಂಬಿಸುತ್ತಿದ್ದರು, ಹಂಚಿನ ಜೊತೆಗೆ ಹಂಚು ಹೊದಿಸಲು ಬರುವ ಒಬ್ಬ ಮನುಷ್ಯನೂ ಬೇಕಿತ್ತು. ಜಮಾಲು ಇವತ್ತು ಸಂಜೆಯ ಮಗ್ರಿಬ್ ಬಾಂಗಿನ ಮೊದಲು ಹೂಂ ಅಥವಾ ಊಹೂಂ ಹೇಳಬೇಕು. ದುಬಾಯಿ ಮಾಸ್ಟ್ರ ನಕಾಶೆಯಲ್ಲಿ ಇರಲಿಕ್ಕಿಲ್ಲ. ಅವರ ಏಳನೇ ಕ್ಲಾಸಿನ ಗೋಡೆಯಲ್ಲಿ ತೂಗುತ್ತಿದ್ದ ಆ ಬಟ್ಟೆಯ ನಕಾಶೆ, ಮಡಚಿ ಮಡಚಿ ಮಡಿಕೆಯಲ್ಲಿ ಸವೆದದ್ದು. ಒಂದು ದಿನ ಅವನನ್ನು ಕರೆದು, ಎಲ್ಲಿ, ನಿನ್ನ ಊರು ತೋರಿಸು ಎಂದಿದ್ದರು. ಅವನು ಸಮುದ್ರದ ಅಂಚಿನಲ್ಲಿ ಕೆಳಗೆ ಕೆಳಗೆ ಹುಡುಕಿ ಬೆರಳಿಟ್ಟ. ಮಂಗಳೂರು ಇರಬೇಕಾದಲ್ಲಿ ಬಟ್ಟೆ ಹರಿದು ತೂತಾಗಿತ್ತು, ಬೆರಳು ಆಚೆ ಹೋಗಿ ಗೋಡೆಗೆ ತಾಗಿತು. ಕ್ಲಾಸು ನಕ್ಕಿತು. ಮಾಸ್ಟ್ರು ನಗಲಿಲ್ಲ, ನಕಾಶೆ ಹರಿದದ್ದು ಅವನೇ ಎಂಬಂತೆ ಬೆರಳ ಗೆಣ್ಣಿಗೆ ರೂಲುದೊಣ್ಣೆಯಿಂದ ಕೊಟ್ಟರು. ಪೆಟ್ಟಿನ ನೋವು ಮರೆತು ಹೋಗಿದೆ. ಬೆರಳಿಗೆ ತಾಗಿದ ಗೋಡೆಯ ತಂಪು ಮರೆತಿಲ್ಲ.

ಕೆಲಸ ಮುಗಿಸಿ ಇಳಿದಾಗ ಮಾಸ್ಟ್ರು ಜಗಲಿಯಲ್ಲಿ ಕಾಗದವೊಂದನ್ನು ಹಿಡಿದು ನಿಂತಿದ್ದರು. ವಾರ್ಡಿನ ರಕ್ಷಣಾ ಸಮಿತಿಗೆ ಅವರೇ ಮುಖ್ಯಸ್ಥರು. ದೀಪದ ಬೆಳಕು ಮಾಡಿನಿಂದ ಆಕಾಶಕ್ಕೆ ಕಾಣಬಾರದು, ಎಲ್ಲ ಕನ್ನಡಿ ಹಂಚಿಗೆ ಕಪ್ಪು ಬಳಿಯಬೇಕು ಎಂದು ಆರ್ಡರ್ ಬಂದಾಗ ಜಮಾಲುವನ್ನು ಕರೆಸಿ ಡಾಮರಿನ ಡಬ್ಬ ಕೊಟ್ಟವರೂ ಅವರೇ. ಉರ್ವದಿಂದ ಕುದ್ರೋಳಿಯವರೆಗೆ ನಲವತ್ತಮೂರು ಮನೆ. "ನೋಡು, ಇದನ್ನು ಇಟ್ಟುಕೋ," ಎಂದರು. "ಸಮಿತಿಯ ಸೀಲು ಹಾಕಿದ್ದೇನೆ. ಜಮಾಲುದ್ದೀನ್ ಎಂಬವನನ್ನು ನಾನು ಬಾಲ್ಯದಿಂದ ಬಲ್ಲೆ, ನಡತೆ ಒಳ್ಳೆಯದು, ಇವನ ಮೇಲೆ ಸಂಶಯಕ್ಕೆ ಕಾರಣವಿಲ್ಲ. ಇನ್ನು ಯಾರಾದರೂ ಕೇಳಿದರೆ ತೋರಿಸು." ಮಾಸ್ಟ್ರ ಮುಖದಲ್ಲಿ ನಿಜವಾದ ಪ್ರೀತಿಯಿತ್ತು, ಅದೇ ಸಂಕಟ. ಬೈದಿದ್ದರೆ ಮಾತು ತಿರುಗಿಸಬಹುದಿತ್ತು. ನಿಮ್ಮ ಜೇಬಿನಲ್ಲಿ ಇಂಥದ್ದೊಂದು ಉಂಟಾ ಮಾಸ್ಟ್ರೇ, ನಿಮ್ಮ ನಡತೆ ಒಳ್ಳೆಯದು ಅಂತ ಬರೆದುಕೊಟ್ಟವರು ಯಾರು? ಮಾತು ಹಲ್ಲಿನವರೆಗೆ ಬಂತು. ಬಾಯಿ ಮಾತ್ರ, "ದೊಡ್ಡ ಉಪಕಾರವಾಯ್ತು ಮಾಸ್ಟ್ರೇ," ಎಂದಿತು. ಕೈ ಚಾಚಿ ಕಾಗದ ತೆಗೆದುಕೊಂಡಿತು. ಡಾಮರಿನ ಬೆರಳು ಸೀಲಿನ ಪಕ್ಕದಲ್ಲಿ ಇನ್ನೊಂದು ಸೀಲು ಒತ್ತಿತು. ದಾರಿಯುದ್ದಕ್ಕೂ ಅವನು ತನ್ನ ಆ ಬಾಯಿಯನ್ನು ಬೈಯುತ್ತ ನಡೆದ.

ಸಂಶಯಕ್ಕೆ ಕಾರಣ ಇತ್ತು. ಅದು ಏನೆಂದು ಮಾತ್ರ ಯಾರಿಗೂ ಗೊತ್ತಿರಲಿಲ್ಲ. ನಲವತ್ತೆರಡು ಮನೆಯ ಕನ್ನಡಿ ಹಂಚಿಗೆ ಮೂರು ದಿನದಲ್ಲಿ ಡಾಮರು ಬಳಿದವನು ನಲವತ್ತಮೂರನೆಯದಕ್ಕೆ ಬಳಿಯಲಿಲ್ಲ, ಆ ನಲವತ್ತಮೂರನೆಯದು ಅವನ ಸ್ವಂತ ಮನೆ. ಆ ಮೂರನೆಯ ದಿನವೇ ದೀಪ ಹಚ್ಚುವ ಹೊತ್ತು ಕಳೆದು, ಇಡೀ ಕುದ್ರೋಳಿ ಬಾವಿಯಂತೆ ಕಪ್ಪಾಗಿದ್ದಾಗ, ಅವನ ತಾಯಿ ಬೀಫಾತಿಮ್ಮನ ಮಾಡಿನಿಂದ ಮಾತ್ರ ಒಂದು ಬೆಳಕಿನ ಕಂಬ ಎದ್ದು ನಿಂತಿತು. ಸಿಳ್ಳೆ ಕೇಳಿತು. ಆಮೇಲೆ ಪೊಲೀಸರು ಬಂದು, ಹೊರಗೆ ಹೋಗಿದ್ದ ಅವನನ್ನು ದಾರಿಯಲ್ಲೇ ಹಿಡಿದು ಠಾಣೆಗೆ ಒಯ್ದರು. ಯಾರಿಗೆ ಸಿಗ್ನಲ್ ಕೊಟ್ಟದ್ದು? ಕರಾಚಿಯಲ್ಲಿ ನಿನ್ನವರು ಯಾರುಂಟು? ಮನೆಯಲ್ಲಿ ರೇಡಿಯೋ ಉಂಟಾ? ಇಲ್ಲ? ಮಾರಿದೆಯಾ, ಹೂತಿಟ್ಟೆಯಾ? ಅವನು, ಮರೆತೆ ಸಾರ್ ಎಂದ. ಬೆಂಚಿನ ಮೇಲಿದ್ದ ಪೇದೆ ಚಹಾ ಮೂಗಿಗೇರುವ ಹಾಗೆ ನಕ್ಕ. "ಕೇಳಿದಿರಾ? ಊರಿಡೀ ಹಂಚಿಗೆ ಬಳಿದವ ತನ್ನದನ್ನು ಮರೆತನಂತೆ!" ಒಂದು ರಾತ್ರಿ, ಅರ್ಧ ಹಗಲು. ಹೊಡೆಯಲಿಲ್ಲ. ಹೊಡೆಯದೆ, ಅವನ ಮುಂಡಾಸು ಬಿಚ್ಚಿಸಿ ಅದರಲ್ಲೇ ಬೆಂಚು ಒರೆಸಿಸಿದರು. ನಡುವೆ ಒಮ್ಮೆ ಅವನಿಗೇ ಅನುಮಾನ ಬಂತು. ಇಷ್ಟು ಜನ ಇಷ್ಟು ಖಚಿತವಾಗಿ ಕೇಳುತ್ತಿದ್ದಾರೆ, ತನಗೆ ಗೊತ್ತಿಲ್ಲದೆ ತಾನು ಯಾರಿಗೋ ಸಿಗ್ನಲ್ ಕೊಟ್ಟಿರಬಹುದೇ? ಮೇಲಿನಿಂದ ವಿಮಾನದಲ್ಲಿ ಹೋಗುವವನೊಬ್ಬ ಆ ಬೆಳಕನ್ನು ಕಂಡಿದ್ದರೆ ಎಂತ ಅಂದುಕೊಳ್ಳುತ್ತಿದ್ದ? ಮಂಗಳೂರು ಎಂದೇ? ಅಥವಾ ಅವನ ನಕಾಶೆಯಲ್ಲೂ ಅಲ್ಲಿ ತೂತಿತ್ತೇ?

ಮನೆಯೊಳಗೆ ನಡು ಮಧ್ಯಾಹ್ನಕ್ಕೂ ಕತ್ತಲೆ. ಅವನು ಠಾಣೆಯಿಂದ ಬರುವಷ್ಟರಲ್ಲಿ ಯಾರೋ ಹತ್ತಿ ಕನ್ನಡಿ ಹಂಚಿಗೆ ಕಪ್ಪು ಬಳಿದು ಹೋಗಿದ್ದರು. ಪೊಲೀಸರೇ ಇರಬೇಕು ಎಂದಿದ್ದಳು ಉಮ್ಮ, ಧಡಧಡ ಕೇಳಿತು, ಹೆದರಿ ಹೊರಗೆ ಬರಲಿಲ್ಲ. ಹೋದವರು ಹಂಚನ್ನೂ ಒಡೆದು ಹೋಗಿದ್ದರು. ಅಂದಿನಿಂದ ಅಕಾಲದ ಮಳೆ ಬಂದಾಗಲೆಲ್ಲ ಉಮ್ಮನ ಚಾಪೆಯ ಪಕ್ಕಕ್ಕೆ ನೀರು ತೊಟ್ಟಿಕ್ಕುತ್ತದೆ, ಕೆಳಗೆ ಅಲ್ಯೂಮಿನಿಯಂ ಬೋಗುಣಿ ಇಟ್ಟಿದ್ದಾಳೆ. ಊರಿಡೀ ಮಾಡು ರಿಪೇರಿ ಮಾಡುವವನ ಮನೆಯಲ್ಲಿ ಬೋಗುಣಿ. ಹತ್ತು ದಿನದಿಂದ ಅವನು ಸ್ವಂತ ಮಾಡು ಹತ್ತಿರಲಿಲ್ಲ. ಹತ್ತಿದರೆ ಇಡೀ ಕೇರಿ ನೋಡುತ್ತದೆ, ಈಗ ನೆನಪಾಯಿತು ನೋಡಿ ಎನ್ನುತ್ತದೆ. ಬೀಫಾತಿಮ್ಮ ಬಾಗಿಲಿನ ಸಂದಿಯಿಂದ ಬರುವ ಬೆಳಕಿಗೆ ಬೆನ್ನು ಬಗ್ಗಿಸಿ, ಮಡಿಲಲ್ಲಿ ಮೊರ ಇಟ್ಟುಕೊಂಡು ಬೀಡಿ ಕಟ್ಟುತ್ತಿದ್ದಳು. ಎಲೆಗೆ ಹೊಗೆಸೊಪ್ಪು ತುಂಬಿ, ಸುರುಳಿ ಸುತ್ತಿ, ಮೂತಿ ಮಡಚಿ ನೂಲು ಸುತ್ತುವ ಆ ಬೆರಳುಗಳಿಗೆ ಕಣ್ಣು ಬೇಕಾಗಿಯೇ ಇರಲಿಲ್ಲ.

"ಉಂಡು ಹೋಗು. ಬಂದರಿನಲ್ಲಿ ಅಹ್ಮದ್ ಬಾವ ಕಾಯ್ತಾ ಇರಬಹುದು."

"ಮಗ್ರಿಬ್‌ವರೆಗೆ ಸಮಯ ಉಂಟು ಉಮ್ಮ."

"ಹೂಂ ಅನ್ನು. ಅಷ್ಟು ಹೇಳ್ಲಿಕ್ಕೆ ಮಗ್ರಿಬ್ ಯಾಕೆ?"

"ನೀವು ಒಬ್ಬರೇ ಆಗ್ತೀರಿ."

ಬೀಫಾತಿಮ್ಮ ತಲೆ ಎತ್ತಿದಳು. "ಕೇಳು ಮೋನೇ. ಹೋಗುವುದಿದ್ದರೆ ಹೋಗು, ಇರುವುದಿದ್ದರೆ ಇರು. ಉಮ್ಮನನ್ನು ಬಿಟ್ಟು ಹೇಗೆ ಬರ್ಲಿ ಅಂತ ಆ ಬಾವನ ಹತ್ತಿರ ನನ್ನ ನೆಪ ಹೇಳಿದೆಯೋ, ಕಾಲು ಮುರೀತೇನೆ. ಮುರಿದ ಕಾಲಲ್ಲಿ ಮಾಡು ಹತ್ತುವುದು ಹೇಗೆ ಅಂತ ಆಮೇಲೆ ನೋಡುವಾ." ಅಷ್ಟು ಹೇಳಿ ಮತ್ತೆ ಬಗ್ಗಿದಳು. ಅವಳಿಗೆ ತಾನು ಹೋಗುವುದು ನಿಜವಾಗಿ ಬೇಕಾಗಿರಬಹುದೇ? ಈ ಯೋಚನೆ ಬಂದದ್ದೇ ಜಮಾಲು ಅನ್ನದ ತಟ್ಟೆಯಿಂದ ಕೈ ತೆಗೆದ. ಯಾಕೆಂದರೆ ಅವಳ ಗುಟ್ಟೊಂದು ಅವನಿಗೆ ಗೊತ್ತಿತ್ತು, ಗೊತ್ತಿದೆ ಎಂದು ಅವಳಿಗೆ ಗೊತ್ತಿರಲಿಲ್ಲ.

ಆ ದಿನ, ನಲವತ್ತೆರಡು ಮನೆ ಮುಗಿಸಿ ಸಂಜೆ ನಾಲ್ಕಕ್ಕೆ ಅವನು ತನ್ನ ಮಾಡು ಹತ್ತಿದ್ದ. ಡಬ್ಬದಲ್ಲಿ ಡಾಮರಿತ್ತು, ಕೈಯಲ್ಲಿ ಬ್ರಷ್ ಇತ್ತು, ಮರೆವು ಇರಲಿಲ್ಲ. ನಲವತ್ತೆರಡು ಕಡೆ ಕಣ್ಣಿಟ್ಟು ನೋಡಿದವನಿಗೆ, ಸ್ವಂತ ಮನೆಯನ್ನು ಮೇಲಿನಿಂದ ಒಮ್ಮೆಯೂ ನೋಡಿಲ್ಲ ಎಂದು ಆಗ ಹೊಳೆಯಿತು. ನೋಡಿದ. ಓರೆಯಾಗಿ ಇಳಿದ ಬಿಸಿಲಿನ ನಡುವೆ ಉಮ್ಮ ಗೋಡೆಗೆ ಒರಗಿ ಕಾಲು ಚಾಚಿ ಕೂತಿದ್ದಳು. ಮೊರ ಪಕ್ಕಕ್ಕಿತ್ತು. ತಲೆಯ ಬಟ್ಟೆ ಹೆಗಲಿಗೆ ಜಾರಿತ್ತು. ಅವಳು ತಾನೇ ಕಟ್ಟಿದ ಬೀಡಿಯೊಂದನ್ನು ಹಚ್ಚಿ ಸೇದುತ್ತಿದ್ದಳು. ಕಣ್ಣು ಮುಚ್ಚಿ, ಅವಸರವಿಲ್ಲದೆ, ಬಹಳ ವರ್ಷದಿಂದ ಪಳಗಿದವಳ ಹಾಗೆ. ಹೊಗೆಯನ್ನು ಒಳಗೆ ಇಟ್ಟುಕೊಂಡು, ಆಮೇಲೆ ಮುಖ ಎತ್ತಿ ಬಿಸಿಲಿನೊಳಕ್ಕೆ ಬಿಟ್ಟಳು. ಅದು ಮಡಚಿಕೊಂಡು ಬಿಚ್ಚಿಕೊಂಡು ಮೇಲೆ ಬಂದು ಅವನ ಕಣ್ಣಿನ ಕೆಳಗಿನ ಗಾಜಿಗೆ ತಾಗಿತು. ಅವನ ತಲೆಯ ನೆರಳು ಅವಳ ಪಾದದ ಹತ್ತಿರ ಬಿದ್ದಿತ್ತು, ಕಾಗೆ ಕೂತಿದೆ ಎಂದುಕೊಂಡಳೋ ಏನೋ. ಬೀಡಿ ಸೇದುವ ಉಮ್ಮ! ಯಾರಿವಳು? ನಾಚಿಕೆಯಾಯಿತು, ಸಿಟ್ಟು ಬರಬೇಕಿತ್ತು, ಬರಲಿಲ್ಲ. ಇಷ್ಟು ವರ್ಷ ಇದನ್ನು ಎಲ್ಲಿ ಬಚ್ಚಿಟ್ಟಿದ್ದಳು, ಬೆಂಕಿಪೆಟ್ಟಿಗೆ ಎಲ್ಲಿಡುತ್ತಾಳೆ, ಈಗ ಎಂತ ಯೋಚಿಸುತ್ತಿದ್ದಾಳೆ, ಬಾಪನಿಗೆ ಗೊತ್ತಿತ್ತಾ? ಬಿಸಿಲು ಗೋಡೆ ಹತ್ತಿ ಹೋಗುವ ತನಕ ಕೂತು ನೋಡಿದ. ಬ್ರಷ್ಷಿನ ತುದಿ ಒಣಗಿ ಗಟ್ಟಿಯಾಯಿತು. ಈ ಬೆಳಕಿನ ಮೇಲೆ ಡಾಮರು ಬಳಿಯಲಿಕ್ಕೆ ಕೈ ಬರಲಿಲ್ಲ. ನಾಳೆ ಬಳಿದರಾಯಿತು ಎಂದು ಇಳಿದ. ಠಾಣೆಯಲ್ಲಿ ನಿಜ ಹೇಳಬೇಕಾದರೆ ಇದನ್ನೇ ಹೇಳಬೇಕಿತ್ತು, ಆ ಚಹಾ ಕುಡಿಯುವ ಪೇದೆಗೆ. ಅದಕ್ಕಿಂತ ಸಿಗ್ನಲ್ ಕೊಟ್ಟೆ ಎಂದು ಒಪ್ಪಿಕೊಳ್ಳುವುದು ಸುಲಭವಿತ್ತು.

ಊಟ ಅರ್ಧಕ್ಕೆ ಬಿಟ್ಟು ಅವನು ಏಣಿ ಒರಗಿಸಿದ. ಹೋಗುವುದಾದರೂ ಇರುವುದಾದರೂ ಇವಳನ್ನು ಈ ಕತ್ತಲೆಯಲ್ಲಿ ಬಿಡುವುದಲ್ಲ. ಕೇರಿ ನೋಡಲಿ. ನಾಲ್ಕು ಹೆಜ್ಜೆ ಏರಿದವನು ನಿಂತ. ಒಡೆದ ಹಂಚುಗಳು ಒಂದು ಸಾಲಾಗಿದ್ದವು, ಐದು. ಪ್ರತಿಯೊಂದೂ ಸರಿಯಾಗಿ ನಡುವಿಗೆ ಒಡೆದಿತ್ತು. ಹತ್ತಿದವನಿಗೆ ಮಾಡಿನ ಮೇಲೆ ನಡೆದು ಗೊತ್ತಿಲ್ಲ, ಭಾರದ ಮನುಷ್ಯ, ಅವಸರದಲ್ಲಿದ್ದ, ಕತ್ತಲೆಯಲ್ಲಿದ್ದ. ಆ ಸಾಲು ರಸ್ತೆಯ ಕಡೆಯಿಂದ ಬಂದದ್ದಲ್ಲ. ಪೊಲೀಸರಾದರೆ ರಸ್ತೆಯ ಕಡೆಯಿಂದ ಹತ್ತುತ್ತಿದ್ದರು. ಇದು ಪಕ್ಕದ ಮನೆಯ ಗಿರಿಯಪ್ಪಣ್ಣನ ಪಾಗಾರದ ಗೋಡೆಯಿಂದ ಕನ್ನಡಿ ಹಂಚಿಗೆ ಹೋಗಿ ಅಲ್ಲೇ ಮುಗಿದಿತ್ತು. ಜಮಾಲು ಬಗ್ಗಿ ಮೂಸಿದ. ಡಾಮರಲ್ಲ. ಮೀನೆಣ್ಣೆಯಲ್ಲಿ ಮಸಿ ಕಲಸಿದ್ದು, ದೋಣಿಗೆ ಬಳಿಯುವಂಥದ್ದು. ಬ್ರಷ್ಷಿನಿಂದಲೂ ಅಲ್ಲ, ಐದು ಬೆರಳಿನ ಎಳೆತ ಗಾಜಿನ ಮೇಲೆ ಒಣಗಿ ಕೂತಿತ್ತು, ಯಾರೋ ಬರಿಗೈಯಿಂದ ಬೆಳಕಿನ ಬಾಯಿ ಮುಚ್ಚಿಸಿದ ಹಾಗೆ. ಗಿರಿಯಪ್ಪಣ್ಣ ತೋಳಿಗೆ ಸಮಿತಿಯ ಪಟ್ಟಿ ಕಟ್ಟಿಕೊಂಡು ಕೇರಿ ಸುತ್ತುತ್ತಿದ್ದ ವಾರ್ಡನ್. ಆ ದಿನ ಸಿಳ್ಳೆ ಊದಿದವನು ಅವನೇ ಎಂದು ಇಡೀ ಕುದ್ರೋಳಿಗೆ ಗೊತ್ತಿತ್ತು.

ಗಿರಿಯಪ್ಪ ತೆಂಗಿನ ಬುಡದಲ್ಲಿ ಬಲೆ ಹರಡಿ ಹರಿದ ಕಣ್ಣು ಹೆಣೆಯುತ್ತಿದ್ದ. ಐವತ್ತರ, ಮರದ ದಿಮ್ಮಿಯಂಥ ಮನುಷ್ಯ. ಹತ್ತು ದಿನದಿಂದ ಇಬ್ಬರೂ ಮುಖ ನೋಡಿರಲಿಲ್ಲ. ಜಮಾಲು ಎದುರಿಗೆ ಹೋಗಿ ನಿಂತು, "ಗಿರಿಯಪ್ಪಣ್ಣ, ನೀವು ಮಾಡಿನ ಮೇಲೆ ಎಮ್ಮೆ ನಡೆದ ಹಾಗೆ ನಡೀತೀರಿ," ಎಂದ.

ಗಿರಿಯಪ್ಪನ ಕೈ ನಿಂತಿತು. "ಎಷ್ಟು ಒಡೆದಿದೆ?"

"ಐದು."

"ನಾನು ಮೂರು ಅಂದುಕೊಂಡಿದ್ದೆ."

"ಮೊದಲು ಊದಿದ್ದಾ, ಮೊದಲು ಹತ್ತಿದ್ದಾ?"

"ಊದಿದ್ದು."

"ಯಾರ ಮನೆ ಅಂತ ಗೊತ್ತಿರಲಿಲ್ಲ, ಅಲ್ಲವಾ?" ಹೌದು ಎನ್ನಲಿ ಎಂದು ಕೇಳಿದ್ದು. ಹೌದು ಎಂದಿದ್ದರೆ ಎಲ್ಲ ಅಲ್ಲಿಗೇ ಮುಗಿಯುತ್ತಿತ್ತು.

"ಗೊತ್ತಿತ್ತು," ಎಂದ ಗಿರಿಯಪ್ಪ. "ನಿನ್ನ ಮನೆ ನನಗೆ ಗೊತ್ತಾಗದೆ ಉಂಟಾ ಮಾರಾಯ? ಗೊತ್ತಿದ್ದೇ ಊದಿದೆ. ನಿನ್ನ ಪಾಗಾರ ನನ್ನ ಪಾಗಾರ ಒಂದೇ. ನಾನು ಸುಮ್ಮನಿದ್ದು ಬೇರೆ ಯಾರಾದರೂ ಊದಿದ್ದರೆ, ನಾಳೆ ನನ್ನನ್ನು ಕೇಳ್ತಿದ್ದರು, ನೀನು ಯಾಕೆ ಊದಲಿಲ್ಲ ಅಂತ. ಹೆದರಿಕೆ ಆಯ್ತು. ಊದಿದೆ. ಊದಿದ ಮೇಲೆ ಬೇರೆ ಹೆದರಿಕೆ ಆಯ್ತು. ದೋಣಿಯ ಮಸಿ ಇತ್ತು, ಅದನ್ನೇ ತೆಗೆದುಕೊಂಡು ಹತ್ತಿದೆ. ಪೊಲೀಸರು ಬರುವುದರ ಒಳಗೆ ಬೆಳಕು ನಿಂತರೆ, ನನ್ನ ಕಣ್ಣೇ ತಪ್ಪಿತು ಅಂತ ಹೇಳುವಾ ಅಂತ. ನಿನ್ನ ಹಂಚು ಬಿಡಲಿಲ್ಲ, ಪಟಪಟ ಒಡೀತಾ ಹೋಯ್ತು. ಕಾಲೆಲ್ಲ ಗೀರಿತು. ಅಷ್ಟರಲ್ಲಿ ಅವರು ಬಂದೇ ಬಿಟ್ಟರು, ಬೆಳಕನ್ನು ಕಣ್ಣಾರೆ ನೋಡಿದ್ದರು." ಲುಂಗಿ ಎತ್ತಿ ಮೊಣಕಾಲಿನ ಕೆಳಗಿನ ಗಾಯ ತೋರಿಸಿದ. ಕಪ್ಪು ಕಟ್ಟಿ ಒಣಗುತ್ತಿತ್ತು. "ನಿನಗೆ ಹೇಳಬೇಕು ಅಂತ ದಿನಾ ಎಣಿಸಿದೆ. ಹೇಗೆ ಹೇಳುವುದು? ಊದಿದ್ದಕ್ಕೆ ಸಮಿತಿಯವರು ಶಹಬ್ಬಾಸ್ ಹೇಳಿದ್ದಾರೆ."

ಜಮಾಲುವಿಗೆ ಈ ಮನುಷ್ಯನನ್ನು ಅದೇ ಬಲೆಯಲ್ಲಿ ಸುತ್ತಿ ಹೊಳೆಗೆ ಎಸೆಯಬೇಕೆನಿಸಿತು. ಆ ಗಾಯವನ್ನು ಇನ್ನಷ್ಟು ಹತ್ತಿರದಿಂದ ನೋಡಬೇಕೆಂದೂ ಅನಿಸಿತು. ಎರಡೂ ಒಟ್ಟಿಗೆ. ಊದಿದವನನ್ನು ಬಿಟ್ಟು ಹೋಗುವುದು ಸುಲಭವಿತ್ತು. ಬೆಳಿಗ್ಗೆಯಿಂದ ಮನಸ್ಸು ಅದೇ ಲೆಕ್ಕ ಹಾಕಿ ಹೂಂ ಎನ್ನಲು ತಯಾರಾಗಿತ್ತು. ಹತ್ತಿದವನನ್ನು ಕ್ಷಮಿಸಿ ಇರುವುದೂ ಸುಲಭವೇ. ಇವನು ಎರಡೂ ಆಗಿ ತೆಂಗಿನ ಬುಡದಲ್ಲಿ ಕೂತು ಬಲೆ ಹೆಣೆಯುತ್ತಿದ್ದಾನೆ, ಬೇವರ್ಸಿ.

"ನಾನೂ ಒಂದು ಕೇಳ್ತೇನೆ," ಎಂದ ಗಿರಿಯಪ್ಪ. "ನೀನು ಯಾಕೆ ಬಿಟ್ಟೆ? ಮರೆತೆ ಅಂತ ನನಗೆ ಹೇಳಬೇಡ. ಬ್ರಷ್ ಹಿಡಿದು ಸಂಜೆಯವರೆಗೆ ಅಲ್ಲಿ ಕೂತದ್ದನ್ನು ನಾನು ನೋಡಿದ್ದೇನೆ."

"ನೋಡಿದ್ದೀರಾ? ಪೊಲೀಸರಿಗೆ ಹೇಳಿದಿರಾ ಅದನ್ನು?"

"ಕೇಳಲಿಲ್ಲ, ಹೇಳಲಿಲ್ಲ."

ಜಮಾಲು ಬಲೆಯ ಅಂಚಿನಲ್ಲಿ ಕುಕ್ಕರಿಸಿದ. "ಒಳಗೆ ನೋಡ್ತಾ ಕೂತೆ. ಅಷ್ಟೇ. ಬಿಸಿಲು ಒಳಗೆ ಬೀಳುವುದನ್ನು ನೋಡ್ತಾ ನೋಡ್ತಾ ಬಳಿಯಲಿಕ್ಕೆ ಆಗಲಿಲ್ಲ."

ಗಿರಿಯಪ್ಪ ಅವನ ಮುಖವನ್ನು ಗಾಳಿ ನೋಡುವವನ ಹಾಗೆ ನೋಡಿದ. "ಇದನ್ನು ಠಾಣೆಯಲ್ಲಿ ಹೇಳದ್ದು ಒಳ್ಳೇದಾಯ್ತು. ಹುಚ್ಚಾಸ್ಪತ್ರೆಗೆ ಕಳಿಸ್ತಿದ್ದರು." ಆಮೇಲೆ ಮುಂದಕ್ಕೆ ಬಾಗಿ, ಸ್ವರ ತಗ್ಗಿಸಿ, ಚಿಕ್ಕ ಮಕ್ಕಳು ಕೇಳುವ ಹಾಗೆ ಕೇಳಿದ: "ಎಂತ ಕಂಡಿತು?"

ಯಾರೂ ಇದನ್ನು ಕೇಳಿರಲಿಲ್ಲ. ಯಾರಿಗೆ, ಯಾಕೆ, ಎಷ್ಟು ದಿನದಿಂದ, ಯಾರ ಮಾತಿಗೆ, ಎಲ್ಲ ಕೇಳಿದ್ದರು. ಎಂತ ಕಂಡಿತು ಎಂದು ಒಬ್ಬನೂ ಕೇಳಿರಲಿಲ್ಲ. ಜಮಾಲುವಿನ ಬಾಯಿ ತೆರೆಯಿತು. ಹೊಗೆ, ಬಿಸಿಲು, ಜಾರಿದ ತಲೆಬಟ್ಟೆ ಎಲ್ಲ ನಾಲಿಗೆಯ ಮೇಲೆ ಬಂದು ನಿಂತವು. "ಅದು ಹೇಳ್ಲಿಕ್ಕಾಗುವುದಿಲ್ಲ," ಎಂದ. "ಏಣಿ ಹಿಡೀಲಿಕ್ಕೆ ಸಂಜೆ ಬನ್ನಿ. ಒಡೆದದ್ದು ನೀವು."

ಬಂದರಿನಲ್ಲಿ ಮಂಜಿ ಹೊಟ್ಟೆ ತುಂಬಿಸಿಕೊಂಡು ಹೊಳೆಯ ನೀರಲ್ಲಿ ತಗ್ಗಿ ನಿಂತಿತ್ತು. ಹಂಚಿನ ಅಟ್ಟಿಗಳ ನಡುವೆ ಅಹ್ಮದ್ ಬಾವಾಕ ಕೊಡೆ ಬಿಡಿಸಿ ಕೂತಿದ್ದರು. "ಬಾ ಬಾ, ದುಬಾಯಿಯ ಮೇಸ್ತ್ರಿ," ಎಂದರು. ಜಮಾಲು ಉತ್ತರ ಕೊಡದೆ ಹಂಚುಗಳನ್ನು ನೋಡಿದ. ಎಲ್ಲ ಹೊಸತು, ಬೆನ್ನ ಮೇಲೆ ಆಮೆಯ ಗುರುತು. ಅವನ ಮನೆಯದೂ ಆಮೆ ಗುರುತಿನದ್ದೇ. ಬೇರೆ ಕಾರ್ಖಾನೆಯದು ಅದರ ಅಂಚಿಗೆ ಕೂರುವುದಿಲ್ಲ, ಬೆರಳಗಲ ಬಾಯಿ ಬಿಡುತ್ತದೆ.

"ಅಲ್ಲಿ ಮನೆಗೆಲ್ಲ ಚಪ್ಪಟೆ ಮಾಡಂತಲ್ಲ ಬಾವಾಕ. ಈ ಹಂಚು ಯಾರಿಗೆ?"

"ಒಬ್ಬ ದೊಡ್ಡ ಅರಬಿಗೆ. ಬೊಂಬಾಯಿಯಲ್ಲಿ ಎಲ್ಲೋ ಕೆಂಪು ಮಾಡು ನೋಡಿದನಂತೆ, ಆಸೆ ಹುಟ್ಟಿದೆ. ಹೊದಿಸಲಿಕ್ಕೆ ಬರುವವ ಆ ದೇಶದಲ್ಲಿ ಒಬ್ಬನೂ ಇಲ್ಲ. ನೀನೇ ರಾಜ."

"ಮಳೆ?"

"ವರ್ಷಕ್ಕೆ ಎರಡು ದಿನ. ಅದೂ ಸಿಟ್ಟಾದ ಹೆಂಡತಿ ಮಾತಾಡಿದ ಹಾಗೆ, ನಾಲ್ಕು ಹನಿ."

"ಕನ್ನಡಿ ಹಂಚು ಎಷ್ಟು ತುಂಬಿದ್ದೀರಿ?"

"ಒಂದೂ ಇಲ್ಲ. ಬಿಸಿಲು ಹೆಚ್ಚಾಗಿ ಸಾಯ್ತಾರೆ ಅಲ್ಲಿ, ಒಳಗೂ ಬೇಕಾ ಅವರಿಗೆ?"

ಮಳೆಯಿಲ್ಲದ ಊರಿನಲ್ಲಿ ನೋಟಕ್ಕೆ ಮಾತ್ರ ಇರುವ ಕೆಂಪು ಮಾಡು. ಅದರ ಮೇಲೆ ಕುಕ್ಕರಗಾಲಲ್ಲಿ ಕೂತ ತಾನು. ಸುತ್ತ ಮರಳು. ಹೇಗಿದ್ದೀತು? ನೋಡಬೇಕೆನಿಸಿತು, ಸುಳ್ಳೇಕೆ. ಅಲ್ಲಿ ಯಾರೂ ಅವನ ಜೇಬಿನ ಕಾಗದ ಕೇಳುವುದಿಲ್ಲ. ಆದರೆ ಕಣ್ಣಿಡಲಿಕ್ಕೆ ಒಂದು ತೂತಿಲ್ಲ. ಎಲ್ಲ ಮುಚ್ಚಿದ ಮಾಡು. ಯಾರು ಕೆಳಗಿದ್ದಾರೆ, ಹೆದರಿದವರೋ, ಹೆದರಿಕೆಯಲ್ಲೇ ಕಾಲು ಗೀರಿಕೊಂಡು ಹತ್ತಿ ಬರುವವರೋ, ಬಿಸಿಲನ್ನು ಮುಷ್ಟಿಯಲ್ಲಿ ಹಿಡಿಯುವ ಮುದುಕರೋ, ತಿಳಿಯದೆ ಜೀವಮಾನವಿಡೀ ಬರೀ ಮೇಲೆ ನಡೆಯುವುದು. ಇಲ್ಲಿ ಅವನಿಗೆ ನಲವತ್ತೆರಡು ಮನೆ ಗೊತ್ತು. ನಲವತ್ತಮೂರನೆಯದು ಈಗಷ್ಟೇ ಗೊತ್ತಾಗಲು ಶುರುವಾಗಿದೆ. ಈ ಊರಿನ ಮೇಲೆ ಅವನಿಗಿದ್ದ ಸಿಟ್ಟು ಇನ್ನೂ ಮುಗಿದಿರಲಿಲ್ಲ, ಅದನ್ನು ಮಂಜಿಯಲ್ಲಿ ತುಂಬಿಕೊಂಡು ಹೋಗಿ ಯಾರೋ ಅರಬಿಯ ಮಾಡಿನ ಮೇಲೆ ಇಳಿಸುವುದು ಯಾವ ನ್ಯಾಯ?

"ಈ ಮಂಜಿಗೆ ನಾನಿಲ್ಲ ಬಾವಾಕ."

"ಮತ್ತೆ ಯಾವ ಮಂಜಿಗೆ? ಇದು ಬಸ್ಸಲ್ಲ ಮಾರಾಯ, ಇನ್ನೊಂದು ಬರ್ತದೆ ಅಂತ ಬಿಡ್ಲಿಕ್ಕೆ. ಉಮ್ಮ ಬೇಡ ಅಂದರಾ?"

"ಉಮ್ಮ ಹೋಗು ಅಂದಿದ್ದಾರೆ. ನಾನು ಇಲ್ಲ ಅಂತಿದ್ದೇನೆ." ಅಟ್ಟಿಯಿಂದ ಒಂದು ಹಂಚು ಎತ್ತಿ ಅಂಚು ಸವರಿದ. "ನನಗೆ ಐದು ಹಂಚು ಬೇಕು. ಇದರಲ್ಲೇ."

ಬಾವಾಕ ಕೊಡೆ ಮಡಚಿ ಅವನನ್ನು ಮೇಲಿನಿಂದ ಕೆಳಗೆ ನೋಡಿದರು. "ದೇಶ ಕೊಡ್ತೇನೆ ಅಂದರೆ ಬೇಡ, ಐದು ಹಂಚು ಕೊಡಿ ಅಂತಾನೆ! ಅರಬಿಯ ಮಾಡಿಗೆ ತೂತು ಮಾಡ್ತೀಯಲ್ಲ ಮೋನೇ. ತಗೊಂಡು ಹೋಗು, ನನ್ನ ಕಣ್ಣೆದುರು ನಿಲ್ಲಬೇಡ."

ಮುಂಡಾಸನ್ನು ಸಿಂಬಿ ಮಾಡಿ, ತಲೆಯ ಮೇಲೆ ಐದು ಹಂಚು ಹೊತ್ತು ಅವನು ಕುದ್ರೋಳಿಗೆ ಬಂದಾಗ ಬಿಸಿಲು ಓರೆಯಾಗಿತ್ತು. ಗಿರಿಯಪ್ಪ ಏಣಿಯ ಹತ್ತಿರ ನಿಂತಿದ್ದ. ಪಾಗಾರದ ಆಚೆ ನಾಲ್ಕು ಜನ ಸೇರಿ ನೋಡುತ್ತಿದ್ದರು, ನೋಡಲಿ. ಜಮಾಲು ಮೊದಲು ಕನ್ನಡಿ ಹಂಚಿಗೆ ಕೈ ಹಾಕಿದ. ಚಿಮಿಣಿ ಎಣ್ಣೆಗೆ ಮೀನೆಣ್ಣೆಯ ಮಸಿ ಬೇಗ ಬಿಟ್ಟಿತು, ಡಾಮರಿನ ಹಾಗಲ್ಲ. ಐದು ಬೆರಳು ಒಂದೊಂದಾಗಿ ಅಳಿಸಿ ಹೋದವು. ಗೋಣಿಯಿಂದ ಎಷ್ಟು ಒರೆಸಿದರೂ ಗಾಜಿನ ಮೇಲೆ ಎಣ್ಣೆಯ ಪೊರೆ ಉಳಿಯಿತು. ಅದಕ್ಕೆ ಕಾಗದವೇ ಆಗಬೇಕು. ಜೇಬಿಗೆ ಕೈ ಹಾಕಿದ. ಜಮಾಲುದ್ದೀನ್ ಎಂಬವನನ್ನು ನಾನು ಬಾಲ್ಯದಿಂದ ಬಲ್ಲೆ. ಮುದುರಿ ಉಂಡೆ ಮಾಡಿ ಉಜ್ಜಿದ. ಒಳ್ಳೆಯ ಕಾಗದ, ಗಾಜು ಫಳ್ಳನೆ ಹೊಳೆಯಿತು. ಬಿಸಿಲು ಒಳಗೆ ಇಳಿಯಿತು. ಒಳಗಿನಿಂದ ಉಮ್ಮನ ಸ್ವರ ಬಂತು: "ಯಾರದು?"

"ನಾನೇ ಉಮ್ಮ."

"ಹೋಗಲಿಲ್ಲವಾ ನೀನು?"

"ಇಲ್ಲ."

ಒಳಗೆ ಬೋಗುಣಿ ಸರಿಸಿದ ಸದ್ದು, ಚಾಪೆ ಎಳೆದ ಸದ್ದು. ಅಳುತ್ತಿದ್ದಾಳೋ, ಸಿಟ್ಟಾಗಿದ್ದಾಳೋ, ಬಿಸಿಲಿಗೆ ಮುಖ ಒಡ್ಡಿ ಸುಮ್ಮನೆ ಕೂತಿದ್ದಾಳೋ. ಕಣ್ಣು ಗಾಜಿನಿಂದ ಒಂದು ಗೇಣು ದೂರದಲ್ಲಿತ್ತು. ಅಂಗೈಗಳು ತಾವಾಗಿಯೇ ಮುಖದ ಹತ್ತಿರ ಏರಿದವು. ಜಮಾಲು ಅವನ್ನು ಕೆಳಗಿಳಿಸಿ, ಕನ್ನಡಿ ಹಂಚಿಗೆ ಬೆನ್ನು ತಿರುಗಿಸಿ ಕೂತ. ಒಂದೊಂದಾಗಿ ಒಡೆದದ್ದನ್ನು ತೆಗೆದು ಹೊಸತನ್ನು ಕೂರಿಸುತ್ತ ಹೋದ. ಹಳೆಯ ಕಪ್ಪು ಹಂಚುಗಳ ನಡುವೆ ಹೊಸ ಕೆಂಪು ನಾಲ್ಕು, ಮನುಷ್ಯ ನಡೆದು ಬಂದ ದಾರಿಯ ಹಾಗೆ. ಗಿರಿಯಪ್ಪ ಕೊನೆಯ ಹಂಚನ್ನು ಹೆಗಲಿಗೇರಿಸಿ ಏಣಿ ಹತ್ತಿ, ಮಾಡಿಗೆ ಒಂದು ಕಾಲಿಟ್ಟ.

"ನಡುವಿಗೆ ಇಡಬೇಡಿ ಅಂದರೆ!" ಜಮಾಲು ಕಿರುಚಿದ. ಹತ್ತು ದಿನದ ಸಿಟ್ಟೆಲ್ಲ ಅದರಲ್ಲಿತ್ತು, ಪಾಗಾರದ ಆಚೆಯವರು ಬೆಚ್ಚಿದರು. "ಅಂಚಿಗೆ! ಎರಡು ಹಂಚು ಸೇರುವಲ್ಲಿಗೆ! ಎಷ್ಟು ಸಲ ಹೇಳುವುದು ನಿಮಗೆ?"

"ಇದೇ ಮೊದಲ ಸಲ ಹೇಳಿದ್ದು ಮಾರಾಯ," ಎಂದು ಗಿರಿಯಪ್ಪ ಕಾಲು ಸರಿಸಿ, ಅಂಚು ಹುಡುಕಿ, ಭಾರ ಬಿಟ್ಟ. ಹಂಚು ಒಡೆಯಲಿಲ್ಲ. ಅವನಿಗೇ ಆಶ್ಚರ್ಯವಾಯಿತು. ಇನ್ನೊಂದು ಹೆಜ್ಜೆ ಇಟ್ಟ, ಅದೂ ಒಡೆಯಲಿಲ್ಲ. ನಗುತ್ತ ತಲೆ ಎತ್ತಿದವನು, ಐದನೆಯ ಹಂಚು ಕೂರಬೇಕಾದ ಸಂದಿನಿಂದ ಸಣ್ಣಗೆ ನೀಲಿ ಹೊಗೆ ಎದ್ದು ಬರುವುದನ್ನು ಕಂಡು ಮೂಗರಳಿಸಿದ.

"ಎಂತದು ಹೊಗೆ?"

ಜಮಾಲು ಹಿಂತಿರುಗಿ ನೋಡಲಿಲ್ಲ. ಕೈ ಚಾಚಿ ಕೊನೆಯ ಹಂಚನ್ನು ತೆಗೆದುಕೊಂಡ, ಕೂರಿಸದೆ ತೊಡೆಯ ಮೇಲೆ ಇಟ್ಟುಕೊಂಡ.

"ಒಲೆಯದ್ದು," ಎಂದ. "ಅದು ಹೋಗಿ ಮುಗಿಯಲಿ. ನೀವು ಕಾಲು ನೋಡಿ ಇಡಿ."